ಷರಾ

ನಮೂನೆ ಬಂದದ್ದು ಶನಿವಾರ, ಪೆನ್‌ಡ್ರೈವ್ ಜೊತೆಗೆ,
ಮೊಟ್ಟೆ ಲೆಕ್ಕದ ಪುಸ್ತಕದೊಳಗೆ ಮಡಚಿಕೊಂಡು.
ಹದಿಮೂರು ಕಂತು. ಒಂದು ಇಲಿಮರಿ, ಅದರಮ್ಮ,
ಮೂರು ಕೊಂಬಿನ ಒಬ್ಬ ರಾಕ್ಷಸ.
'ಮೂರರಿಂದ ಆರು ವರ್ಷದ ಮಕ್ಕಳಿಗೆ ತಕ್ಕುದೇ?
ಹೌದು, ಅಲ್ಲ. ಒಂದಕ್ಕೆ ಗುರುತು ಹಾಕಿ.
ಸೋಮವಾರ ಸಂಜೆಯೊಳಗೆ' ಅಂದರು ಮೇಲ್ವಿಚಾರಕಿ,
ಸ್ಕೂಟಿಯಿಂದ ಇಳಿಯದೆ.

ಭಾನುವಾರ ರಾತ್ರಿ ಪಾತ್ರೆ ತೊಳೆದಿಟ್ಟು
ಒಬ್ಬಳೇ ಕೂತೆ, ಸದ್ದು ಸಣ್ಣಗೆ ಮಾಡಿ.
ಐವತ್ತೆರಡು ವರ್ಷದವಳು ಕನ್ನಡಕ ಏರಿಸಿಕೊಂಡು
ಇಲಿಯ ನಡತೆ ವಿಚಾರಿಸುತ್ತಿದ್ದೆ.
ಏಟು ಎಣಿಸಿದೆ: ಐದನೇ ಕಂತಿನಲ್ಲಿ ಒಂಬತ್ತು.
ಬಾಣಲೆಯದನ್ನು ಒಂದೆನ್ನಬೇಕೋ ಎರಡೆನ್ನಬೇಕೋ,
ತಿರುಗಿ ಬಂದು ಎಸೆದವನ ತಲೆಗೇ ಬಿತ್ತಲ್ಲ?
ಬೈಗುಳ: 'ಪೆದ್ದ', ನಾಲ್ಕು ಸಲ.
ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟ ಹೊತ್ತಿಗೆ
ಅದನ್ನು ಬೈಗುಳವೆಂದು ಯಾರೂ ಲೆಕ್ಕಕ್ಕೆ ಹಿಡಿಯರು.
'ಮುಗೀತಾ ನಿನ್ನ ಪರೀಕ್ಷೆ?' ಅನ್ನುತ್ತ ಬಂದ ಇವರು
ನಿಂತೇ ಎರಡು ಕಂತು ನೋಡಿ, ಮೂರನೆಯದಕ್ಕೆ ಕೂತರು.
ಏಳನೆಯದರ ಮುಂದೆ ಬರೆದೆ: ಏನೂ ಇಲ್ಲ.

ಸೋಮವಾರ. ಸಕ್ಕರೆ ಕಾರ್ಖಾನೆಯವರು ಕೊಟ್ಟ ಟೀವಿ,
ಚಾಪೆಯ ಮೇಲೆ ಹತ್ತೊಂಬತ್ತು ತಲೆ.
ರಾಕ್ಷಸ ಬರುವ ಹೊತ್ತಿಗೆ ಎದ್ದು ನಿಂತೆ,
ಹೆದರಿದವರನ್ನು ಎತ್ತಿಕೊಳ್ಳೋಣವೆಂದು.
'ಕೊಂಬ್ ನೋಡಿ ಮಿಸ್, ಮುದ್ದೆ ಕೋಲಿದ್ದಂಗವೆ' ಅಂದ ಅಫ್ರೋಜ್.
ಇಡೀ ಕೋಣೆ ಉರುಳಿ ಉರುಳಿ ನಕ್ಕಿತು,
ರಾಕ್ಷಸನೇ ಕೊಂಚ ಮುಜುಗರಪಟ್ಟಂತೆ ಕಂಡಿತು.
ಊಟದ ಹೊತ್ತಿಗೆಲ್ಲ ಇಲಿಯ ಮಾತೇ ಎಲ್ಲರ ಬಾಯಲ್ಲಿ:
'ಓ ನನ್ನ ಪ್ರಿಯ ಮಿತ್ರನೇ, ಸಾರು ಬಡಿಸು!'
ಮದ್ದೂರಿನಲ್ಲಿ ಹೀಗೆ ಮಾತಾಡಿದವರನ್ನು
ನಾನು ಕಂಡಿಲ್ಲ. ಸಾಕವ್ವ ಸೌಟು ಹಿಡಿದು ನಿಂತೇ ಇದ್ದಳು.

ಊಟವಾದ ಮೇಲೆ ಏಳನೆಯದು.
ಅಮ್ಮ ಇಲಿ ಚೀಲ ತೆಗೆದುಕೊಂಡಿತು, ಜೋಳ ತರಲು.
'ಈಗ ಬಂದೆ' ಅಂದಿತು. ಬಾಗಿಲು ಹಾಕಿಕೊಂಡಿತು.
ಅಷ್ಟೇ. ಪರದೆಯ ತುಂಬ ಆ ಬಾಗಿಲು,
ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು.

ಇಂಪನಾ ಎದ್ದಳು. ಅಳಲಿಲ್ಲ.
ನಮ್ಮ ಬಾಗಿಲ ಹತ್ತಿರ ಹೋಗಿ
ಬೆನ್ನು ಕೊಟ್ಟು ಕೂತಳು.
ಅವಳ ಹಿಂದೆ ಮೋಕ್ಷಿತ, ಆಮೇಲೆ ಅವಳಿ ಹುಡುಗಿಯರು.
ನಾಲ್ವರ ಅವ್ವಂದಿರೂ ಗೆಜ್ಜಲಗೆರೆಯ ಗಾರ್ಮೆಂಟ್ಸ್ ಬಸ್ಸಿನವರು;
ಏಳೂಕಾಲಿಗೆ ಹತ್ತುವಾಗ ಅವರೂ ಅನ್ನುವುದು ಅದೇ:
'ಈಗ್ ಬಂದೆ ಕಣ್ ಮಗ.'

ಎಂಥ ಮಾತು ನಮ್ಮದು!
ಹೊರಟವಳು 'ಹೋದೆ' ಅನ್ನಬಾರದು,
ಹೊಸ್ತಿಲು ದಾಟುವ ಮೊದಲೇ 'ಬಂದೆ' ಅನ್ನಬೇಕು.
ದೊಡ್ಡವರಿಗೆ ಅದು ರೂಢಿ. ಮೂರು ವರ್ಷದ ಕೂಸು ಮಾತ್ರ
ಬಂದವಳು ಎಲ್ಲಿ ಎಂದು
ಸಂಜೆಯವರೆಗೆ ಹುಡುಕುತ್ತದೆ.

ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿದೆ.
ಅಮ್ಮ ಇಲಿ ದಡಬಡ ಓಡಿ ಬಂತು, ಚೀಲದ ತುಂಬ ಜೋಳ.
'ನೋಡಿ, ಬಂದ್ಲು!' ಅಂದೆ.
ಇಂಪನಾ ನನ್ನ ಮುಖ ನೋಡಿದಳು, ನಾನೇ ಪೆದ್ದಿಯೆಂಬಂತೆ:
'ಅದು ಇಲಿ ಅವ್ವ ಮಿಸ್.'

ನಮೂನೆಯಲ್ಲಿ ಏಟಿಗೆ ಕಾಲಂ ಇದೆ, ಬೈಗುಳಕ್ಕಿದೆ,
ಬಾಗಿಲಿಗೆ ಇಲ್ಲ. ಕೊನೆಯಲ್ಲಿ ಷರಾ, ಬೆರಳಗಲ.
ಅಲ್ಲೇ ಇರುಕಿಸಿ ಬರೆದೆ: ರಾಕ್ಷಸ ಪರವಾಗಿಲ್ಲ.
ಏಳನೇ ಕಂತು, ಅವ್ವನ ತೊಡೆಯ ಮೇಲೆ ಕೂತು ಮಾತ್ರ.
'ಏನ್ರೀ ಇದು, ಹೌದೋ ಅಲ್ಲವೋ ಹೇಳಿ,
ಕಂಪ್ಯೂಟರಿನಲ್ಲಿ ಇರೋದು ಎರಡೇ ಚೌಕ' ಅಂದರು ಮೇಡಂ.
'ಹೌದು' ಅಂದೆ. ಹೆಲ್ಮೆಟ್ ಹಾಕಿಕೊಂಡು ಹೊರಟರು.

ಮಾರನೆಯ ದಿನ ಉಗ್ರಾಣಕ್ಕೆ ಎದ್ದೆ, ಬೇಳೆ ಅಳೆಯಲು.
'ಈಗ ಬಂದೆ' ನಾಲಿಗೆ ತುದಿಯವರೆಗೆ ಬಂದಿತ್ತು.
ನುಂಗಿಕೊಂಡು ಹೇಳಿದೆ: 'ಬೇಳೆ ತರೋಕೆ ಹೋಗ್ತಿದೀನಿ.
ಹತ್ತು ಎಣಿಸಿ.'
ಅವರಿಗೆ ಬರುವುದು ಆರರವರೆಗೆ.
ಆರು, ಆರು, ಆರು ಅನ್ನುತ್ತಲೇ ಇದ್ದರು
ನಾನು ಬರುವವರೆಗೂ.